ತೀರ್ಪು ನಿಂತಿತು

ವಾದ ಬಿಸಿಯಾದಾಗ ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ತಾವಾಗಿಯೇ ಗಾಳಿಯಲ್ಲಿ ಏನನ್ನೋ ತಿರುಗಿಸತೊಡಗುತ್ತಿದ್ದವು. ಎಡಕ್ಕೆ ಅರ್ಧ ಸುತ್ತು, ಬಲಕ್ಕೆ ಕಾಲು ಸುತ್ತು, ಮತ್ತೆ ಎಡಕ್ಕೆ. ಟೀವಿಯ ಕ್ರೀಡಾಪ್ರಸಾರಗಳಲ್ಲಿ ಮುಗಿದ ಆಟವನ್ನು ನಿಧಾನಗತಿಯಲ್ಲಿ ಮತ್ತೆ ತೋರಿಸುತ್ತಾರಲ್ಲ, ಆ ಯಂತ್ರದ ಮುಂದೆ ಮೂವತ್ತೊಂದು ವರ್ಷ ಕೂತಿದ್ದ ಕೈ ಅದು. ಕೊನೆಯ ಹದಿನಾಲ್ಕು ವರ್ಷ ಇಲ್ಲಿನ ಬ್ಯೂನಾ ವಿಸ್ಟಾ ಬಡಾವಣೆಯ ಒಂದು ಪ್ರಸಾರ ಕಂಪನಿಯಲ್ಲಿದ್ದರು. ನಿವೃತ್ತಿಯಾದರೂ ಕೈಗೆ ಆ ಸುದ್ದಿ ಮುಟ್ಟಿರಲಿಲ್ಲ.

"ಜಗಳ ಆಡುವಾಗಲೂ ರಿವೈಂಡ್ ಮಾಡ್ತಾರೆ ನೋಡಿ," ಎಂದು ಅವರ ಹೆಂಡತಿ ಹೇಳುತ್ತಿದ್ದರು. "ನಾನು ಏನಂದೆ ಅನ್ನೋದು ನನಗೇ ಮರೆತಿರುತ್ತೆ. ಇವರಿಗೆ ಫ್ರೇಮ್ ಫ್ರೇಮ್ ನೆನಪಿರುತ್ತೆ."

ನನ್ನ ಆ ಗೆಳೆಯರು ತೀರಿಕೊಂಡು ಐದು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಅಷ್ಟು ವರ್ಷದ ಪ್ರಸಾರದಲ್ಲಿ ಒಮ್ಮೆಯೂ ತೆರೆಯ ಮೇಲೆ ಬಾರದ ಹೆಸರನ್ನು ನಾನು ಈಗ ತರುವುದು ಸರಿಯಲ್ಲ.

ಈ ದ್ವೀಪದೇಶದ ಚೋವಾ ಚು ಕಾಂಗ್ ಬಡಾವಣೆಯಲ್ಲಿ ನಮ್ಮಿಬ್ಬರದೂ ಒಂದೇ ಬ್ಲಾಕ್. ನಾನು ನಾಲ್ಕನೇ ಮಹಡಿ, ಅವರು ಹನ್ನೊಂದು. ನಾನು ಸೈನಿಕ ಶಾಲೆಯ ಗಂಟೆಗೆ ಎದ್ದು ಮಲಗಿ ಬೆಳೆದವನು. ಆಮೇಲೆ ಇಲ್ಲಿನ ಹಡಗುಕಟ್ಟೆಯಲ್ಲಿ ಬೆಸುಗೆಗಳ ತಪಾಸಣೆ ಮಾಡಿಕೊಂಡಿದ್ದೆ. ಐದಕ್ಕೆ ಏಳುತ್ತೇನೆ, ಐದೂವರೆಗೆ ನಡೆಯಲು ಹೊರಡುತ್ತೇನೆ, ಆರೂಕಾಲಿಗೆ ಮರಳುತ್ತೇನೆ. ಮರಳುವ ಹೊತ್ತಿಗೆ ಅವರು ಬ್ಲಾಕಿನ ಕೆಳಗೆ ಗೋಡೆಯಿಲ್ಲದೆ ತೆರೆದು ಬಿಟ್ಟಿರುವ ವಾಯ್ಡ್ ಡೆಕ್‌ನ ಕಲ್ಲುಮೇಜಿನ ಬಳಿ ಬಂದು ಕೂತಿರುತ್ತಿದ್ದರು. ಮೊದಲ ಎರಡು ವರ್ಷ ನಮ್ಮದು ತಲೆಯಾಡಿಸುವ ಪರಿಚಯ ಮಾತ್ರ.

ಮಾತು ಶುರುವಾದದ್ದು ಕಿತ್ತಳೆ ಹಣ್ಣಿನಿಂದ. ಒಂದು ಬೆಳಿಗ್ಗೆ ಆರನೇ ಮಹಡಿಯ ಚೀನೀ ಅಜ್ಜಿಯ ತಳ್ಳುಬುಟ್ಟಿಗೆ ಸೈಕಲ್ಲಿನವನೊಬ್ಬ ಗುದ್ದಿದನೆಂದು ಗಲಾಟೆಯಾಯಿತು. ಹಣ್ಣುಗಳು ನೆಲದ ತುಂಬ ಉರುಳಿದ್ದವು. ಅಜ್ಜಿ ಅವನು ಗುದ್ದಿದ ಎನ್ನುತ್ತಾಳೆ, ಅವನು ಬುಟ್ಟಿ ತಾನೇ ಮಗುಚಿತು ಎನ್ನುತ್ತಾನೆ. ಪಕ್ಕದಲ್ಲೇ ಕೂತಿದ್ದವರು ಇವರೊಬ್ಬರೇ. ಎಲ್ಲರೂ ಇವರತ್ತ ತಿರುಗಿದರು.

"ಅಂಕಲ್, ಯು ಸೀ ಆರ್ ನಾಟ್?" ಎಂದ ಸೈಕಲ್ಲಿನವ.

ಇವರು ಎದ್ದು ನಿಂತು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು: ಚಕ್ರ ಬರುವುದನ್ನು ಕಂಡೆ, ಹಣ್ಣು ಉರುಳುವುದನ್ನು ಕಂಡೆ, ನಡುವೆ ಈ ಕಂಬ ಇತ್ತು. ಅಜ್ಜಿಗೆ ಸಿಟ್ಟು ಬಂತು, ಸೈಕಲ್ಲಿನವನಿಗೂ ಬಂತು. ಇವರು ಬಗ್ಗಿ ಹಣ್ಣು ಆರಿಸತೊಡಗಿದರು. ನಾನೂ ಆರಿಸಿದೆ.

"ಅವನೇ ಗುದ್ದಿದ್ದು, ನಿಮಗೂ ಗೊತ್ತು," ಎಂದೆ ಕನ್ನಡದಲ್ಲಿ.

"ಇರಬಹುದು ಸರ್," ಎಂದರು ಅವರೂ ಕನ್ನಡದಲ್ಲೇ. "ಕಂಬ ಇತ್ತಲ್ಲ."

ಅಮೆರಿಕನ್ ಫುಟ್‌ಬಾಲ್ ನನಗೆ ಕಲಿಸಿದವರು ಅವರೇ. ಅವರ ಕಂಪನಿ ಆ ಆಟದ ಪ್ರಸಾರವನ್ನು ಈ ಭಾಗದ ದೇಶಗಳಿಗೆ ಒದಗಿಸುತ್ತಿದ್ದಾಗ ಅವರಿಗೆ ಅದರ ರುಚಿ ಹತ್ತಿತ್ತು. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ, ತಪ್ಪು ಕಂಡರೆ ರೆಫರಿ ಹಳದಿ ಕರವಸ್ತ್ರ ಎಸೆಯುತ್ತಾನೆ, ಅನುಮಾನವಿದ್ದರೆ ಆಟ ನಿಲ್ಲಿಸಿ ಮರುದೃಶ್ಯ ನೋಡುತ್ತಾರೆ. ಇಷ್ಟು ತಿಳಿದರೆ ಸಾಕು ಎಂದಿದ್ದರು. ವರ್ಷಕ್ಕೊಮ್ಮೆ ನಡೆಯುವ ಅದರ ಫೈನಲ್ ಅಲ್ಲಿ ಭಾನುವಾರ ಸಂಜೆ, ನಮಗೆ ಸೋಮವಾರ ಬೆಳಿಗ್ಗೆ ಏಳೂವರೆ. ಅದನ್ನು ಅವರ ಮನೆಯಲ್ಲಿ ನೋಡುವುದು ರೂಢಿಯಾಯಿತು. ನಾನು ಏಳೂ ಇಪ್ಪತ್ತಕ್ಕೆ ಹೋಗುತ್ತಿದ್ದೆ. ಎರಡನೇ ಮಹಡಿಯ ಶ್ರೀಧರ ಎಂಟಕ್ಕೆ ಬರುತ್ತಿದ್ದ. ಮೈಸೂರಿನ ಹುಡುಗ, ಸಾಫ್ಟ್‌ವೇರ್ ಕೆಲಸ. ಆ ದಿನ ಅವನಿಗೆ ವರ್ಷವರ್ಷವೂ ತಪ್ಪದೆ ಹೊಟ್ಟೆನೋವು ಬಂದು ಡಾಕ್ಟರರ ಚೀಟಿ ಸಿಗುತ್ತಿತ್ತು. ಒಳಗಿನಿಂದ ಒಗ್ಗರಣೆ ಅವಲಕ್ಕಿ ಬರುತ್ತಿತ್ತು.

ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ರೆಫರಿಯ ತೀರ್ಪು ವಿವಾದವಾದ ಕೂಡಲೇ, ಮರುದೃಶ್ಯ ಬರುವ ಮೊದಲು, ಪ್ರತಿಯೊಬ್ಬರೂ ತಾವು ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದು ಮಡಿಸಿಡಬೇಕು. ಮರುದೃಶ್ಯ ನೋಡಿದ ಮೇಲೆ ಇನ್ನೊಂದು ಚೀಟಿ. ಆಮೇಲೆ ಎರಡನ್ನೂ ಬಿಚ್ಚಿ ಓದಬೇಕು. ಚೀಟಿ ಕತ್ತರಿಸಿ ಹಂಚುವ ಕೆಲಸ ನನ್ನದು. ಎಲ್ಲರೂ ಮೊದಲಿನ ಚೀಟಿಯಲ್ಲಿ ಒಂದು ಕಂಡಿರುತ್ತಿದ್ದರು, ಎರಡನೆಯದರಲ್ಲಿ ಇನ್ನೊಂದು. ಕೇಳಿದರೆ ಮೊದಲಿನಿಂದ ಅದನ್ನೇ ಕಂಡಿದ್ದೆವು ಎನ್ನುತ್ತಿದ್ದರು. ಶ್ರೀಧರ ಒಮ್ಮೆ ತನ್ನದೇ ಅಕ್ಷರವನ್ನು ತನ್ನದಲ್ಲ ಎಂದು ವಾದಿಸಿದ್ದಾನೆ.

ಒಂದು ಫೈನಲ್ ಮರೆಯುವಂತಿಲ್ಲ. ಎರಡೇ ನಿಮಿಷ ಉಳಿದಿತ್ತು. ನೀಲಿ ಅಂಗಿಯವರು ಮೂರು ಅಂಕ ಮುಂದೆ. ಬಿಳಿ ಅಂಗಿಯವನೊಬ್ಬ ಗುರಿಗೆರೆಯ ಬಳಿ ಮುಂದಕ್ಕೆ ಹಾರಿ ನೆಲದ ಅಂಚಿನಲ್ಲಿ ಚೆಂಡು ಹಿಡಿದ. ಹಿಡಿದದ್ದು ಸರಿ ಎಂದ ರೆಫರಿ. ಚೆಂಡಿನ ಮೂತಿ ಹುಲ್ಲಿಗೆ ತಾಗಿತು ಎಂದು ನೀಲಿಯವರು. ನಾಲ್ಕು ನಿಮಿಷ ಮರುದೃಶ್ಯ ನೋಡಿದರು. ತೀರ್ಪು ಬದಲಾಗಲಿಲ್ಲ, ಬಿಳಿಯವರು ಗೆದ್ದರು.

ಶ್ರೀಧರ ಸೋಫಾದಿಂದ ಎದ್ದ. "ನೆಲ ಮುಟ್ಟಿದೆ ಅಂಕಲ್. ಆ ಮನುಷ್ಯನಿಗೆ ಕಣ್ಣು ಟೆಸ್ಟ್ ಮಾಡ್ಸಿ."

"ಯಾವ ಫ್ರೇಮ್‌ನಲ್ಲಿ ಮುಟ್ಟಿದೆ?"

"ಅದೇ, ಮೊಣಕೈ ಊರ್ತಾನಲ್ಲ, ಅದರಲ್ಲಿ."

"ಅದರಲ್ಲಿ ಚೆಂಡಿನ ಕೆಳಗೆ ಕೈ ಇದೆಯಾ?"

"ಕೈ ಕಾಣ್ಸಲ್ಲ."

"ಕಾಣ್ಸಲ್ಲ ಅನ್ನೋದೂ ಇಲ್ಲ ಅನ್ನೋದೂ ಒಂದೇನಾ?"

"ನೀವು ಲಾಯರ್ ಆಗ್ಬೇಕಿತ್ತು ಅಂಕಲ್. ವೇಸ್ಟ್ ಆಗ್ಬಿಟ್ರಿ."

ನಾನು ಶ್ರೀಧರನ ಪಕ್ಷ ವಹಿಸಿದೆ. ನನ್ನ ಕೆಲಸದಲ್ಲಿ ಎರಡು ಮುದ್ರೆಗಳಿದ್ದವು, ಪಾಸು ಮತ್ತು ಫೇಲು. ಬೆಸುಗೆ ಹಿಡಿದಿದೆ ಅಥವಾ ಹಿಡಿದಿಲ್ಲ. ಹಿಡಿದಿದೆಯೋ ಇಲ್ಲವೋ ಗೊತ್ತಿಲ್ಲ ಎನ್ನುವ ತಪಾಸಣೆಗಾರನನ್ನು ಯಾರು ಇಟ್ಟುಕೊಳ್ಳುತ್ತಾರೆ?

"ಮೂರನೇದು ಬೇಕು ಸರ್," ಎಂದರು. ಬೆರಳು ತಿರುಗತೊಡಗಿದವು. "ಮರುದೃಶ್ಯ ನೋಡಿ ರೆಫರಿ ಮೂರು ಮಾತಲ್ಲಿ ಒಂದು ಹೇಳ್ತಾನೆ. ಕನ್ಫರ್ಮ್ಡ್ ಅಂದ್ರೆ ಸರಿ ಅಂತ ಕಣ್ಣಿಗೆ ಕಂಡಿದೆ. ಓವರ್‌ಟರ್ನ್ಡ್ ಅಂದ್ರೆ ತಪ್ಪು ಅಂತ ಕಂಡಿದೆ. ಎರಡೂ ಕಾಣದೇ ಇದ್ರೆ ಸ್ಟ್ಯಾಂಡ್ಸ್. ಮೈದಾನದಲ್ಲಿ ನಿಂತವನು ಏನು ಹೇಳಿದ್ನೋ ಅದು ಹಾಗೇ ಉಳೀತು. ಅದು ಸರಿ ಅಂತಲ್ಲ. ತಪ್ಪು ಅನ್ನೋಕೆ ನನಗೆ ಹಕ್ಕಿಲ್ಲ ಅಂತ."

ಅವರ ಎರಡನೇ ಚೀಟಿಗಳಲ್ಲಿ ಹೆಚ್ಚಿನವು 'ಸ್ಟ್ಯಾಂಡ್ಸ್' ಎಂದೇ ಇರುತ್ತಿದ್ದವು, ಇಂಗ್ಲಿಷಿನಲ್ಲಿ.

ಚೀಟಿಯಲ್ಲಿ ಇಂಗ್ಲಿಷಿಗೆ ನಾನು ಅಡ್ಡಿ ಮಾಡಿರಲಿಲ್ಲ, ಫೋನಿನಲ್ಲಿ ಮಾತ್ರ ಒಪ್ಪುತ್ತಿರಲಿಲ್ಲ. ನಮ್ಮ ಸಂದೇಶದ ಗುಂಪಿಗೆ ನಿಯಮ ಮಾಡಿದವನು ನಾನು: ಕನ್ನಡ ಲಿಪಿ, ಕನ್ನಡ ಪದ. ಅರ್ಧ ಇಂಗ್ಲಿಷಿನ ಸಂದೇಶಕ್ಕೆ ನಾನು ಉತ್ತರ ಕೊಡುತ್ತಿರಲಿಲ್ಲ. ಶ್ರೀಧರ ಬರೆಯುವುದನ್ನೇ ಬಿಟ್ಟು ಹೆಬ್ಬೆರಳಿನ ಚಿತ್ರ ಕಳಿಸತೊಡಗಿದ. ಇವರು ಮಾತ್ರ ನಿಯಮ ಪಾಲಿಸಿದರು, ಅದೂ ಅಕ್ಷರಶಃ. ಒಂದು ದಿನ "ಎತ್ತುವ ಪೆಟ್ಟಿಗೆ ಕೆಟ್ಟಿದೆ" ಎಂದು ಬಂತು. ಅವರ ಹೆಂಡತಿ ಯಾವ ಪೆಟ್ಟಿಗೆ ಎಂದು ಮಂಚದ ಕೆಳಗೆಲ್ಲ ಹುಡುಕಿದರಂತೆ. ಕೆಟ್ಟದ್ದು ಲಿಫ್ಟು.

ಅವರಿಗೆ ಒಬ್ಬಳೇ ಮಗಳು, ಮೇಘನಾ. ಇಲ್ಲೇ ಬೆಳೆದವಳು, ಮಾತಿನ ಕೊನೆಗೆ ಇಲ್ಲಿನವರ ಹಾಗೆ 'ಲಾ' ಸೇರಿಸುವವಳು. ಸರಕು ಸಾಗಿಸುವ ಕಂಪನಿಯೊಂದರಲ್ಲಿ ಕೆಲಸ. ಯಿಶುನ್ ಬಡಾವಣೆಯಲ್ಲಿ ಇಬ್ಬರು ಗೆಳತಿಯರೊಂದಿಗೆ ಮನೆ ಹಿಡಿದಿದ್ದಳು. ಅಪ್ಪನ ಆಟ ಮಗಳಿಗೂ ಬಂದಿತ್ತು. ಆ ಆಟಕ್ಕೆ ಒಂದು ಸೌಮ್ಯ ರೂಪವಿದೆ. ಅದರಲ್ಲಿ ಯಾರೂ ಯಾರನ್ನೂ ಕೆಡವುವುದಿಲ್ಲ, ಸೊಂಟದ ಪಟ್ಟಿಗೆ ಸಿಕ್ಕಿಸಿದ ಬಟ್ಟೆಯನ್ನು ಕಿತ್ತರೆ ಹಿಡಿದ ಹಾಗೆ. ಇಲ್ಲಿ ಯುವಕ ಯುವತಿಯರು ಅದರ ಲೀಗ್ ನಡೆಸುತ್ತಾರೆ. ಮೇಘನಾ ಮೊದಲು ಆಡುತ್ತಿದ್ದಳು, ಮೂರು ವರ್ಷದಿಂದ ರೆಫರಿ. ಪಟ್ಟೆ ಅಂಗಿ, ಕಪ್ಪು ಟೋಪಿ, ಕೊರಳಲ್ಲಿ ಸೀಟಿ. ಅವಳ ಆಟಗಳಿಗೆಲ್ಲ ಇವರು ಮಡಿಸುವ ಕುರ್ಚಿ ಹೊತ್ತು ಹೋಗುತ್ತಿದ್ದರು, ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದರು. ವಿಡಿಯೋಗಳನ್ನು ಯಾರಿಗೂ ತೋರಿಸುತ್ತಿರಲಿಲ್ಲ.

ಹೋದ ವರ್ಷ ಆ ಲೀಗಿನ ಫೈನಲ್‌ನಲ್ಲಿ ಅವಳು ಗೆರೆಯ ರೆಫರಿ. ಕೊನೆಯ ಎಸೆತ. ಹಳದಿ ತಂಡ ನಾಲ್ಕು ಅಂಕ ಹಿಂದೆ. ಆ ತಂಡದ ಹುಡುಗಿ ಗುರಿಯ ಮೂಲೆಯಲ್ಲಿ ಮೇಲಕ್ಕೆ ಹಾರಿ ಚೆಂಡು ಹಿಡಿದಳು. ಕಾಲು ಮೊದಲು ಗೆರೆಯ ಒಳಗೆ ಇಳಿದಿದ್ದರೆ ಹಳದಿಯವರಿಗೆ ಚಾಂಪಿಯನ್ ಪಟ್ಟ. ಕಾಲು ಗೆರೆ ಮುಟ್ಟಿತು ಎಂದು ಮೇಘನಾ ಕೈ ಬೀಸಿದಳು. ಆಟ ಮುಗಿಯಿತು.

ಎರಡು ದಿನದಲ್ಲಿ ಹಳದಿ ತಂಡದ ಕೋಚ್ ದೂರು ಕೊಟ್ಟ. ಅಂಕ ಬದಲಿಸಿ ಎಂದಲ್ಲ. ಈ ರೆಫರಿ ಹಿಂದೆ ಗೆದ್ದ ತಂಡದಲ್ಲೇ ಆಡಿದವಳು, ಬೇಕೆಂದೇ ತಪ್ಪು ಕೊಟ್ಟಿದ್ದಾಳೆ, ಇವಳ ಪರವಾನಗಿ ರದ್ದು ಮಾಡಿ ಎಂದು. ಅದೇ ತಿಂಗಳು ಬ್ಯಾಂಕಾಕ್‌ನಲ್ಲಿ ಹಲವು ದೇಶಗಳ ತಂಡಗಳು ಸೇರುವ ಟೂರ್ನಿಗೆ ಅವಳು ರೆಫರಿಯಾಗಿ ಆಯ್ಕೆಯಾಗಿದ್ದಳು. ಮುಂದಿನ ಮಂಗಳವಾರ ಸಂಜೆ ಐದರೊಳಗೆ ಬರುತ್ತೇನೆ ಎಂದು ಒಪ್ಪಿಗೆ ಕಳಿಸಬೇಕಿತ್ತು. ದೂರಿನ ವಿಚಾರಣೆಯೂ ಆ ಮಂಗಳವಾರ ಬೆಳಿಗ್ಗೆಯೇ. ಯಾರ ಬಳಿಯಾದರೂ ವಿಡಿಯೋ ಇದ್ದರೆ ಕೊಡಿ ಎಂದು ಕಮಿಟಿ ಕೇಳಿತ್ತು. ಆ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವರು ಇವರೊಬ್ಬರೇ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಅವರ ಮನೆಯಲ್ಲಿ ಎಲ್ಲರೂ ಸೇರಿದೆವು. ಆ ಎಸೆತದ ಹನ್ನೊಂದು ಸೆಕೆಂಡನ್ನು ಮಾತ್ರ ಬೇರೆ ಮಾಡಿ ಟೀವಿಗೆ ಹಾಕಿದರು. ಮೇಘನಾ ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು.

ಆಟಗಾರ್ತಿಯ ಕಾಲು ತೆರೆಯ ಬಲಗಡೆ ಕೆಳಮೂಲೆಯಲ್ಲಿ ಕಾಣುತ್ತಿತ್ತು. ಒಂದು ಫ್ರೇಮಿನಲ್ಲಿ ಬೂಟು ನೆಲದಿಂದ ನಾಲ್ಕು ಬೆರಳು ಮೇಲೆ. ಮುಂದಿನ ಫ್ರೇಮಿನಲ್ಲಿ ಬಿಳಿ ಗೆರೆಯ ಮೇಲೆ. ನೇರವಾಗಿ ಗೆರೆಯ ಮೇಲೇ ಇಳಿಯಿತೋ, ಒಳಗೆ ಇಳಿದು ಗೆರೆಗೆ ಜಾರಿತೋ, ಆ ಎರಡು ಫ್ರೇಮುಗಳ ನಡುವೆ ನಡೆದುಹೋಗಿತ್ತು. ಇಪ್ಪತ್ತು ಸಲ ಹಿಂದೆ ಮುಂದೆ ಮಾಡಿದರು. ನಾನು ಚೀಟಿ ಹಂಚಿದೆ.

ನಾನು 'ತೀರ್ಪು ಸರಿ' ಎಂದು ಬರೆದೆ. ಶ್ರೀಧರನೂ ಅದನ್ನೇ ಬರೆದಿದ್ದ. ಮೇಘನಾಳ ತಾಯಿ ಜೀವಮಾನದಲ್ಲಿ ಮೊದಲ ಬಾರಿಗೆ ಚೀಟಿ ಕೇಳಿ ಪಡೆದು 'ನನ್ನ ಮಗಳು ಸರಿ' ಎಂದು ಬರೆದಿದ್ದರು. ನಾಲ್ಕನೆಯದು 'ಸ್ಟ್ಯಾಂಡ್ಸ್'.

"ಅಂಕಲ್, ಇದು ಟೀವಿ ಮ್ಯಾಚ್ ಅಲ್ಲ," ಎಂದ ಶ್ರೀಧರ. "ವಿಡಿಯೋ ಜೊತೆ ಎರಡು ಲೈನ್ ಬರೀರಿ. ಮೂವತ್ತು ವರ್ಷ ರೀಪ್ಲೇ ಮಾಡಿದ್ದೀನಿ, ಕಾಲು ಔಟ್ ಅಂತ. ನೀವು ಹೇಳಿದ್ರೆ ಯಾರು ಇಲ್ಲ ಅಂತಾರೆ?"

"ಅದಕ್ಕೇ ಬರೆಯೋ ಹಾಗಿಲ್ಲ."

"ವಿಡಿಯೋ ಬಿಡಿ. ನೀವು ಎರಡು ಮೀಟರ್ ದೂರದಲ್ಲಿ ಕೂತಿದ್ರಿ. ಕಣ್ಣಾರೆ ಏನು ಕಂಡ್ರಿ?"

"ನಾನು ನೋಡಲಿಲ್ಲ."

"ನೋಡಲಿಲ್ವಾ?"

"ಕಾಲನ್ನ ನೋಡಲಿಲ್ಲ."

ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ. ನಿಜ ಹೇಳಲು ಮನಸ್ಸಿಲ್ಲದೆ ಕಂಬವನ್ನು ಇಲ್ಲಿಗೂ ತಂದರು ಎಂದುಕೊಂಡೆ.

ಮೇಘನಾ ಬಾಗಿಲಿನಿಂದಲೇ ಕೇಳಿದಳು. "ಅಪ್ಪ, ಒಂದ್ಸಲ ನನ್ ಸೈಡ್ ಇರೋಕಾಗಲ್ವಾ?"

"ನಾನು ನಿನ್ ಕಡೆನೇ ಇದ್ದೀನಮ್ಮ. ವಿಡಿಯೋ ಯಾರ ಕಡೆನೂ ಇಲ್ಲ."

"ರಾಂಗ್ ಕಾಲ್ ಅಂತ ನಿಮಗೆ ಅನ್ಸಿದ್ರೆ ಹಾಗೇ ಹೇಳಿ ಲಾ. ಐ ಕ್ಯಾನ್ ಟೇಕ್ ಇಟ್."

"ಹಾಗೂ ಅನ್ಸಿಲ್ಲ."

ಅವಳು ಚೀಲ ತೆಗೆದುಕೊಂಡು ಹೊರಟಳು. ತಾಯಿ ಊಟ ಮಾಡಿ ಹೋಗೆಂದರೂ ನಿಲ್ಲಲಿಲ್ಲ. ಇವರು ಕಮಿಟಿಗೆ ಎರಡು ಸಾಲು ಬರೆದು ವಿಡಿಯೋ ಕಳಿಸಿದರು: ಈ ಕೋನದಿಂದ ಹೇಳಲು ಬರುವುದಿಲ್ಲ, ಮೈದಾನದ ತೀರ್ಪೇ ಉಳಿಯಬೇಕು. ಹಳದಿ ಕೋಚ್ ಅದನ್ನೇ ಹಿಡಿದು, ಸ್ವಂತ ಅಪ್ಪನೇ ಸರಿ ಎನ್ನಲಿಲ್ಲ ಎಂದು ಎಲ್ಲ ಕಡೆ ಹೇಳಿಕೊಂಡು ತಿರುಗಿದ.

ಮಂಗಳವಾರ ಇವರನ್ನು ಫೋನಿನ ಸಮೇತ ವಿಚಾರಣೆಗೆ ಕರೆದಿದ್ದರು. ಮೇಘನಾ ತನ್ನ ಹೇಳಿಕೆಯನ್ನು ಮೊದಲೇ ಬರೆದು ಕೊಟ್ಟು ಆಫೀಸಿನಲ್ಲಿದ್ದಳು. ಮುಗಿದ ಕೂಡಲೇ ತಿಳಿಸಿ ಎಂದು ನಾನು ಹೇಳಿದ್ದೆ. ನನ್ನ ಊಟ ಹನ್ನೆರಡೂವರೆಗೆ. ತಟ್ಟೆಯ ಮುಂದೆ ಕೂತಾಗ ಸಂದೇಶ ಬಂತು. ನಿಯಮದಂತೆ ಕನ್ನಡ ಲಿಪಿ, ಕನ್ನಡ ಪದ.

"ತೀರ್ಪು ನಿಂತಿತು."

ನಾನು ತುತ್ತು ಬಿಟ್ಟು ಎದ್ದೆ. ಕೆಟ್ಟ ಸುದ್ದಿಯನ್ನು ತಡಮಾಡದೆ, ಚೊಕ್ಕವಾಗಿ, ಹಿರಿಯರೊಬ್ಬರು ಹೇಳಬೇಕು ಎಂಬುದು ನನ್ನ ನಂಬಿಕೆ. ಮೇಘನಾಳಿಗೆ ಫೋನ್ ಮಾಡಿದೆ.

"ತೀರ್ಪು ನಿಂತುಹೋಯಿತಂತಮ್ಮ. ಅಪ್ಪ ಬರೆದಿದ್ದಾರೆ. ತಪ್ಪು ಯಾರೂ ಮಾಡದೇ ಇರೋದಲ್ಲ. ಮನಸ್ಸಿಗೆ ಹಚ್ಚಿಕೋಬೇಡ."

"ಓಕೆ ಅಂಕಲ್. ಥ್ಯಾಂಕ್ಸ್," ಎಂದು ಅವಳು ಫೋನ್ ಇಟ್ಟಳು. ನಾನು ಕೈ ತೊಳೆದು ಮತ್ತೆ ಊಟಕ್ಕೆ ಕೂತೆ.

ಸಂಜೆ ಆರಕ್ಕೆ ಅವರು ನನ್ನ ಬಾಗಿಲಿಗೆ ಬಂದರು. ಮುಖದಲ್ಲಿ ಸಿಟ್ಟಿರಲಿಲ್ಲ.

"ಸರ್, ನೀವು ಮೇಘನಾಗೆ ಏನಂತ ಹೇಳಿದ್ರಿ?"

"ನೀವು ಬರೆದದ್ದನ್ನೇ."

"ನಾನು ಬರೆದಿದ್ದು ಸ್ಟ್ಯಾಂಡ್ಸ್ ಅಂತ. ಕಮಿಟಿ ದೂರನ್ನ ತಳ್ಳಿಹಾಕಿದೆ. ಅವಳ ತೀರ್ಪು ನಿಂತಿತು."

ನಾನು ಫೋನ್ ತೆರೆದು ಸಂದೇಶ ತೋರಿಸಿದೆ. ಇಬ್ಬರೂ ಅದನ್ನೇ ನೋಡಿದೆವು.

"ಮದುವೆ ನಿಂತಿತು ಅಂದರೆ ಏನು?" ಎಂದು ಕೇಳಿದೆ.

ಅವರು ಚಪ್ಪಲಿ ಬಿಡದೆ ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಅವರು ಹಾಗೆ ಮಾಡಿದ್ದನ್ನು ನಾನು ಇನ್ನೊಮ್ಮೆ ಕಂಡಿಲ್ಲ.

ಆದದ್ದು ಇಷ್ಟು. ನನ್ನ ಫೋನ್ ಬಂದ ಅರ್ಧ ಗಂಟೆಯಲ್ಲಿ ಮೇಘನಾ ಬ್ಯಾಂಕಾಕ್‌ಗೆ ಬರಲಾಗುವುದಿಲ್ಲ ಎಂದು ಬರೆದು ಕಳಿಸಿದ್ದಳು. ತೆಗೆದುಹಾಕಿಸಿಕೊಳ್ಳುವ ಬದಲು ತಾನೇ ಹಿಂದೆ ಸರಿಯುವುದು ಮರ್ಯಾದೆ ಎಂದುಕೊಂಡಳು. ಇವರು ಅವಳಿಗೂ ಫೋನ್ ಮಾಡಿದ್ದರು. ಅವಳು ಎತ್ತಿರಲಿಲ್ಲ. ಕಮಿಟಿಯ ಪತ್ರ ನಾಲ್ಕಕ್ಕೆ ಬಂದಾಗ ಅವಳ ಜಾಗಕ್ಕೆ ಇನ್ನೊಬ್ಬರು ಸೇರಿಯಾಗಿತ್ತು.

"ನಿಯಮ ಮಾಡಿದವನು ನಾನು," ಎಂದೆ. "ನಿಂತಿತು ಅನ್ನೋದನ್ನ ನಿಂತುಹೋಯಿತು ಮಾಡಿದವನೂ ನಾನೇ. ಆ 'ಹೋಯಿತು' ನನ್ನದು."

"ಬರೆದವನು ನಾನು. ಎರಡು ಅರ್ಥದ ಪದ ಬರೆಯಬಾರದಿತ್ತು." ಬೆರಳುಗಳು ಮಂಡಿಯ ಮೇಲೆ ಎಡಕ್ಕೆ ತಿರುಗಿದವು, ಬಲಕ್ಕೆ ತಿರುಗಿದವು. "ಎರಡೂ ಕಡೆ ಫೌಲ್ ಸರ್. ಹಾಗಾದ್ರೆ ಒಂದಕ್ಕೊಂದು ವಜಾ, ಆ ಆಟ ಮತ್ತೆ ಆಡಬೇಕು ಅಂತ ರೂಲ್ ಇದೆ. ನಾಳೆ ಇಬ್ರೂ ಹೋಗಿ ಅವಳಿಗೆ ಹೇಳೋಣ."

ಮರುದಿನ ಅವಳ ಊಟದ ಹೊತ್ತಿಗೆ ಅವಳ ಆಫೀಸಿನ ಬಳಿ ಹಾಕರ್ ಸೆಂಟರ್ ಎಂಬ ಊಟದಂಗಡಿಗಳ ಸಾಲಿಗೆ ಹೋದೆವು. ನಾನು ನಿಂತೇ ಕ್ಷಮೆ ಕೇಳಿದೆ. ಎರಡು ಪದಗಳ ವ್ಯತ್ಯಾಸವನ್ನೂ ವಿವರಿಸಿದೆ.

"ಕೂತ್ಕೊಳ್ಳಿ ಅಂಕಲ್, ಎಲ್ರೂ ನೋಡ್ತಿದ್ದಾರೆ," ಎಂದಳು. "ಇಟ್ಸ್ ಓಕೆ ಲಾ. ನನ್ನ ಕನ್ನಡನೂ ಅಷ್ಟಕ್ಕಷ್ಟೇ. ನೆಕ್ಸ್ಟ್ ಇಯರ್ ಮತ್ತೆ ಅಪ್ಲೈ ಮಾಡ್ತೀನಿ."

ಆಮೇಲೆ ಅಪ್ಪನ ಕಡೆ ನೋಡದೆ ನನಗೇ ಹೇಳಿದಳು. "ನೀವು ಫೋನ್ ಮಾಡಿದ ತಕ್ಷಣ ನಾನು ಯಾಕೆ ನಂಬಿದೆ ಗೊತ್ತಾ ಅಂಕಲ್? ಕ್ರಾಸ್‌ಚೆಕ್ ಕೂಡ ಮಾಡಲಿಲ್ಲ. ಅಪ್ಪ ಕಣ್ಣಾರೆ ನೋಡಿದ್ದಾರೆ, ನಾನು ಕೊಟ್ಟಿದ್ದು ರಾಂಗ್ ಕಾಲ್, ಅದಕ್ಕೇ ಬಾಯಿ ಬಿಡ್ತಿಲ್ಲ ಅಂತ ಶನಿವಾರನೇ ಅನ್ಕೊಂಡಿದ್ದೆ."

"ನಾನು ನೋಡಲಿಲ್ಲಮ್ಮ," ಎಂದರು ಇವರು.

"ಓಕೆ ಅಪ್ಪ."

ಮೂವರೂ ಮೀನಿಲ್ಲದ ನೂಡಲ್ಸ್ ತಿಂದೆವು. ಮರಳುವಾಗ ರೈಲಿನಲ್ಲಿ ನಾನು ಗುಂಪಿನ ನಿಯಮ ತೆಗೆದುಹಾಕಿದ್ದೇನೆ ಎಂದು ಹೇಳಿದೆ. ಅವರು ತಲೆಯಾಡಿಸಿದರು.

ಅವಳು ಭಾನುವಾರಗಳಂದು ಮನೆಗೆ ಬರುವುದನ್ನು ಬಿಡಲಿಲ್ಲ. ಅಪ್ಪನೊಂದಿಗೆ ಮಾತೂ ಆಡುತ್ತಿದ್ದಳು, ಲಿಫ್ಟಿನ ಬಗ್ಗೆ, ಬಿಸಿಲಿನ ಬಗ್ಗೆ, ಕನ್ನಡಕದ ನಂಬರಿನ ಬಗ್ಗೆ. ಆಟದ ಮಾತು ಇಲ್ಲ. ಅವಳ ಪಂದ್ಯಗಳಿಗೆ ಇವರು ಹೋಗುವುದು ನಿಂತಿತು. ನಾನು ಈ ಪದವನ್ನು ಈಗ ಎಚ್ಚರದಿಂದ ಬರೆಯುತ್ತಿದ್ದೇನೆ: ಹೋಗುವುದನ್ನು ಬಿಟ್ಟರು. ಅವಳು ಬರಬೇಡಿ ಎಂದಿರಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ಫೆಬ್ರವರಿಯ ಸೋಮವಾರದ ಫೈನಲ್‌ಗೆ ಮೇಘನಾ ಬರಲಿಲ್ಲ, ನಾವು ಮೂವರು ಗಂಡಸರೇ. ಒಂದು ಹಳದಿ ಕರವಸ್ತ್ರದ ವಿಚಾರಕ್ಕೆ ಶ್ರೀಧರ ಬಹಳ ಕೂಗಾಡಿದ. ಇವರು ಚೀಟಿಯನ್ನು ಖಾಲಿ ಮಡಿಸಿಟ್ಟರು.

ಏಪ್ರಿಲ್‌ನಲ್ಲಿ ಎದೆಯ ತೊಂದರೆಯಿಂದ ಆಸ್ಪತ್ರೆ ಸೇರಿದರು. ಹದಿನಾರು ದಿನ ಇದ್ದರು. ನಾನು ದಿನವೂ ಹನ್ನೊಂದಕ್ಕೆ ಹೋಗಿ ಹನ್ನೆರಡಕ್ಕೆ ಬರುತ್ತಿದ್ದೆ. ಮೇಘನಾ ರಜೆ ಹಾಕಿ ತಾಯಿಯೊಂದಿಗೆ ಸರದಿಯಲ್ಲಿ ಕೂರುತ್ತಿದ್ದಳು. ಅವರ ಕನ್ನಡಕ ಒರೆಸಿ ಹಾಕುವಳು, ಗಂಜಿ ಆರಿಸಿ ಕೊಡುವಳು. ಕೇಳಬೇಕಾದ ಒಂದು ಪ್ರಶ್ನೆಯನ್ನು ಕೇಳಲಿಲ್ಲ. ಅವರಾಗಿ ಹೇಳಲೂ ಇಲ್ಲ. ಹದಿನೇಳನೇ ದಿನ ಬೆಳಿಗ್ಗೆ ಎಂಟಕ್ಕೆ ತೀರಿಕೊಂಡರು.

ಕಳೆದ ವಾರ ಒಂದು ಬೆಳಿಗ್ಗೆ ಹತ್ತೂವರೆಗೆ ಮೇಘನಾ ನನ್ನ ಮನೆಗೆ ಬಂದಳು. ಕೈಯಲ್ಲಿ ಅಪ್ಪನ ಫೋನಿತ್ತು. ಅದನ್ನು ಖಾಲಿ ಮಾಡಿ ಅಮ್ಮನಿಗೆ ಕೊಡಬೇಕೆಂದು ನೋಡುತ್ತಿದ್ದಳಂತೆ.

"ಆ ಫೈನಲ್‌ದು ಪೂರ್ತಿ ವಿಡಿಯೋ ಇದೆ ಅಂಕಲ್. ಫಾರ್ಟಿ ಮಿನಿಟ್ಸ್. ನಮಗೆ ಹನ್ನೊಂದು ಸೆಕೆಂಡ್ ಮಾತ್ರ ತೋರಿಸಿದ್ರಲ್ಲ."

ಊಟದ ಮೇಜಿನ ಮೇಲೆ ಫೋನನ್ನು ಲೋಟಕ್ಕೆ ಒರಗಿಸಿಟ್ಟಳು. ಆಟ ಶುರುವಾಯಿತು. ಚೆಂಡು ಎಸೆಯುವುದು ಕಾಣಲಿಲ್ಲ. ಹಿಡಿಯುವುದೂ ಕಾಣಲಿಲ್ಲ. ಆಟಗಾರರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಮಾಯವಾಗುತ್ತಿದ್ದರು. ಎಲ್ಲೋ ಜನ ಕೂಗುತ್ತಿದ್ದರು. ತೆರೆಯ ನಡುವೆ ಇದ್ದದ್ದು ಪಟ್ಟೆ ಅಂಗಿ, ಕಪ್ಪು ಟೋಪಿ. ಅವಳು ಓಡಿದರೆ ಕ್ಯಾಮೆರಾ ಓಡುತ್ತಿತ್ತು, ಅವಳು ಬಗ್ಗಿ ಬೂಟಿನ ಲಾಡಿ ಕಟ್ಟಿಕೊಂಡರೆ ಅಲ್ಲೇ ಕಾಯುತ್ತಿತ್ತು. ಅವಳು ನೀರು ಕುಡಿದದ್ದು, ಟೋಪಿ ತೆಗೆದು ಹಣೆ ಒರೆಸಿದ್ದು, ಒಬ್ಬ ಆಟಗಾರ ಮುಖದ ಹತ್ತಿರ ಬಂದು ಕಿರುಚಿದಾಗ ಒಂದು ಹೆಜ್ಜೆಯೂ ಹಿಂದೆ ಸರಿಯದೆ ನಿಂತದ್ದು, ಎಲ್ಲ ಇತ್ತು. ಕೊನೆಯ ಎಸೆತ ಬಂತು. ಅವಳು ಗೆರೆಯ ಮೇಲೆ ಬಾಗಿ ನೋಡುತ್ತಿದ್ದಳು. ಮೂಲೆಯಲ್ಲಿ ಎಲ್ಲಿಂದಲೋ ಒಂದು ಕಾಲು ಬಂದು ಇಳಿಯಿತು. ಅವಳು ಕೈ ಬೀಸಿದಳು.

ಪ್ರಸಾರದ ಮನುಷ್ಯ. ಚೆಂಡು ಬಿಟ್ಟು ಬೇರೆಡೆ ತಿರುಗಿದರೆ ಕೆಲಸ ಹೋಗುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

"ಬಾಲ್ ಎಲ್ಲಿದೆ ಅಂಕಲ್?" ಎಂದಳು ಮೇಘನಾ. "ಫಾರ್ಟಿ ಮಿನಿಟ್ಸ್‌ನಲ್ಲಿ ಬಾಲ್ ಎಲ್ಲೂ ಇಲ್ಲ."

ವಿಡಿಯೋ ಇನ್ನೂ ಓಡುತ್ತಿತ್ತು. ಆಟ ಮುಗಿದ ಮೇಲೆ ಅವಳು ಕ್ಯಾಮೆರಾದ ಕಡೆಗೇ ನಡೆದು ಬಂದಳು, ಬೆವರಿದ ಮುಖ, ಬೇಸರದಿಂದ ಬೀಸಿದ ಕೈ. "ಅಪ್ಪ, ಸಾಕು, ಆಫ್ ಮಾಡಿ." ಹುಲ್ಲು ಕಂಡಿತು. ಅವರ ಬೂಟು ಕಂಡಿತು. ಅಲ್ಲಿಗೆ ಮುಗಿಯಿತು.

ಅವಳು ಬಹಳ ಹೊತ್ತು ಆ ನಿಂತ ಚಿತ್ರವನ್ನೇ ನೋಡುತ್ತಿದ್ದಳು.

"ಹಾಗಾದ್ರೆ ನನ್ನ ಕಾಲ್ ಸರಿನೋ ತಪ್ಪೋ, ಅಪ್ಪನಿಗೆ ಗೊತ್ತೇ ಇರಲಿಲ್ವಾ?"

"ಇಲ್ಲಮ್ಮ," ಎಂದೆ. "ಅವರು ಆ ಕಡೆ ನೋಡೇ ಇರಲಿಲ್ಲ."

ಅವಳು ಅಂಗೈಯಿಂದ ಎರಡೂ ಕಣ್ಣು ಒರೆಸಿಕೊಂಡಳು. ಆಮೇಲೆ ಬೆರಳಿನಿಂದ ವಿಡಿಯೋವನ್ನು ಮೊದಲಿಗೆ ಎಳೆದು, ಕುರ್ಚಿಯನ್ನು ಮೇಜಿಗೆ ಹತ್ತಿರ ಮಾಡಿಕೊಂಡಳು.